ಪೂರ್ವ ಆಫ್ರಿಕದ ಸ್ಥಳೀಯ ಸಭೆಗಳು: ಕಂದಾಯ, ಸ್ವಾತಂತ್ರ್ಯ ಮತ್ತು ಸೇವೆ

ಸ್ಥಳೀಯ ಸ್ವರಾಜ್ಯವನ್ನು ಕುರಿತು ಬರೆಯುವವರಲ್ಲಿ ಒಂದು ನಂಬಿಕೆ ಬಲವಾಗಿ ಬೇರೂರಿದೆ. ಊರಿನ ಸಭೆಗೆ ಸ್ವಾತಂತ್ರ್ಯ ಹೆಚ್ಚಿದಷ್ಟೂ ಅಲ್ಲಿಯ ಜನಕ್ಕೆ ಶಾಲೆ, ಔಷಧಾಲಯ, ನೀರು, ರಸ್ತೆಗಳ ಸೌಕರ್ಯ ಚೆನ್ನಾಗಿ ಒದಗುವುದೆಂಬುದೇ ಆ ನಂಬಿಕೆ. ರಾಜಧಾನಿಯಲ್ಲಿ ಕುಳಿತು ಆಳುವವರ ನಂಬಿಕೆ ಇದಕ್ಕೆ ನೇರವಾಗಿ ವಿರುದ್ಧವಾದುದು. ಊರಿನ ಸಭೆಯೆಂಬುದು ಜಗಳ, ಸೋರಿಕೆ, ಸ್ವಜನಪಕ್ಷಪಾತಗಳ ತವರು. ಸೇವೆ ಜನಕ್ಕೆ ತಲಪಬೇಕಾದರೆ ಸರ್ಕಾರವೇ ಕೈಹಾಕಬೇಕು, ಎಂಬುದು ಅವರ ವಾದ. ಈ ಎರಡನ್ನೂ ಒರೆಗೆ ಹಚ್ಚಿ ನೋಡಲು ಪೂರ್ವ ಆಫ್ರಿಕದ ಕೀನ್ಯ, ಉಗಾಂಡ, ಟಾಂಜಾನಿಯಗಳ ಇತಿಹಾಸ ವಿಶೇಷವಾಗಿ ಅನುಕೂಲಿಸುತ್ತದೆ. ಮೂರೂ ಅಕ್ಕಪಕ್ಕದ ನಾಡುಗಳು. ಮೂರೂ ಬ್ರಿಟಿಷರ ಆಳ್ವಿಕೆಯಲ್ಲಿದ್ದು ೧೯೬೧ ರಿಂದ ೧೯೬೩ರೊಳಗೆ ಸ್ವತಂತ್ರವಾದುವು. ಸ್ವಾತಂತ್ರ್ಯದ ಹೊತ್ತಿಗೆ ಮೂರರ ಜಿಲ್ಲಾ ಸಭೆಗಳೂ ಹೆಚ್ಚುಕಡಿಮೆ ಒಂದೇ ಅಚ್ಚಿನಲ್ಲಿ ಎರಕಗೊಂಡಿದ್ದುವು. ಆಮೇಲೆ ಒಂದೊಂದೂ ಒಂದೊಂದು ದಾರಿ ಹಿಡಿಯಿತು. ಟಾಂಜಾನಿಯ ಎನ್ನುವಾಗ ನಾವು ಮುಖ್ಯಭೂಮಿಯನ್ನು ಮಾತ್ರ ಉದ್ದೇಶಿಸಿದ್ದೇವೆ. ಜಾಂಜಿಬಾರಿನ ಕಥೆ ಬೇರೆ.

ಈ ನಾಡುಗಳಲ್ಲಿ ಕಂದಾಯ ಮೊದಲು ಬಂದಿತು, ಸಭೆ ಅನಂತರ ಬಂದಿತು. ಇದನ್ನು ಮರೆತರೆ ಮುಂದಿನ ಯಾವುದೂ ಸರಿಯಾಗಿ ಅರ್ಥವಾಗುವುದಿಲ್ಲ. ೧೯೦೦ರಲ್ಲಿ ಬುಗಾಂಡ ರಾಜ್ಯದೊಡನೆ ಬ್ರಿಟಿಷರು ಮಾಡಿಕೊಂಡ ಒಪ್ಪಂದದಲ್ಲಿ ಗುಡಿಸಲೊಂದಕ್ಕೆ ವರ್ಷಕ್ಕೆ ಮೂರು ರೂಪಾಯಿಗಳ ತೆರಿಗೆಯನ್ನು ಗೊತ್ತುಮಾಡಲಾಯಿತು. (ಭಾರತದ ರೂಪಾಯಿಯೇ ಆಗ ಪೂರ್ವ ಆಫ್ರಿಕದಲ್ಲಿ ಚಲಾವಣೆಯಲ್ಲಿದ್ದಿತೆಂಬುದನ್ನು ಪ್ರಾಸಂಗಿಕವಾಗಿ ಹೇಳಬಹುದು.) ಗುಡಿಸಲಿನ ಮೇಲಣ ತೆರಿಗೆ ಕಾಲಕ್ರಮದಲ್ಲಿ ವಯಸ್ಕ ಗಂಡಸಿನ ಮೇಲಣ ತಲೆಗಂದಾಯವಾಗಿ ಮಾರ್ಪಟ್ಟಿತು, ಅದನ್ನು ಎತ್ತುವ ಕೆಲಸ ಊರಿನ ಮುಖ್ಯಸ್ಥನದಾಯಿತು. ಕೀನ್ಯದಲ್ಲಿ ೧೯೨೪ರ ಶಾಸನ ಸ್ಥಳೀಯ ಜನರ ಸಭೆಗಳಿಗೆ ಎಡೆಮಾಡಿಕೊಟ್ಟಿತು. ಟಾಂಗನ್ಯೀಕದಲ್ಲಿ ಗವರ್ನರ್ ಡೊನಾಲ್ಡ್ ಕ್ಯಾಮೆರಾನ್ ೧೯೨೬ರಲ್ಲಿ ಕುಲನಾಯಕರ ಮೂಲಕ ಆಳುವ ಪದ್ಧತಿಯನ್ನು ಶಾಸನಬದ್ಧಗೊಳಿಸಿದನು. ಸಭೆಯೆಂಬುದು ಹೀಗೆ ಮೂಲತಃ ವಸೂಲಿಯ ಏರ್ಪಾಡಿಗೆ ಅಂಟಿಕೊಂಡು ಬೆಳೆದ ಸಂಸ್ಥೆ.

ಎರಡನೆಯ ಮಹಾಯುದ್ಧದ ತರುವಾಯ ಗಾಳಿ ಬದಲಾಯಿತು. ೧೯೪೭ರ ಫೆಬ್ರವರಿಯಲ್ಲಿ ವಸಾಹತು ಕಾರ್ಯದರ್ಶಿ ಆರ್ಥರ್ ಕ್ರೀಚ್ ಜೋನ್ಸ್ ಆಫ್ರಿಕದ ಗವರ್ನರುಗಳಿಗೆ ಕಳುಹಿಸಿದ ಸುತ್ತೋಲೆಯಲ್ಲಿ, ದಕ್ಷವೂ ಪ್ರಜಾಸತ್ತಾತ್ಮಕವೂ ಆದ ಸ್ಥಳೀಯ ಸರ್ಕಾರಗಳನ್ನು ಬೆಳೆಸುವುದು ಮುಂದಿನ ಧ್ಯೇಯವೆಂದು ಸಾರಲಾಯಿತು. ಅದರ ಫಲವಾಗಿ ಉಗಾಂಡದಲ್ಲಿ ೧೯೪೯ರಲ್ಲಿಯೂ ಮತ್ತೆ ೧೯೫೫ರಲ್ಲಿಯೂ, ಕೀನ್ಯದಲ್ಲಿ ೧೯೫೦ರಲ್ಲಿಯೂ, ಟಾಂಗನ್ಯೀಕದಲ್ಲಿ ೧೯೫೩ರಲ್ಲಿಯೂ ಹೊಸ ಶಾಸನಗಳಾದುವು. ಪ್ರಾಥಮಿಕ ಶಾಲೆ, ಔಷಧಾಲಯ, ಜಿಲ್ಲೆಯೊಳಗಿನ ರಸ್ತೆ, ಸಂತೆಮಾಳ ಇವುಗಳ ಭಾರ ಜಿಲ್ಲಾ ಸಭೆಗಳ ಮೇಲೆ ಬಿದ್ದಿತು. ತಲೆಗಂದಾಯವೂ ಪೈರಿನ ಮೇಲಣ ಸುಂಕವೂ ಅವುಗಳ ಮುಖ್ಯ ಆದಾಯಗಳು.

ಆ ಕಾಲದ ಸಭೆಗಳನ್ನು ಇಂದು ಕೆಲವರು ಹೊಗಳುವುದುಂಟು. ತನ್ನ ದುಡ್ಡನ್ನು ತಾನೇ ಎತ್ತಿ ತನ್ನ ಶಾಲೆಯನ್ನು ತಾನೇ ನಡೆಸಿದ ಸಂಸ್ಥೆಗಳವು ಎಂಬುದು ನಿಜ. ಆದರೆ ದುಡ್ಡನ್ನು ಎತ್ತಿದ ಬಗೆಯನ್ನು ಮರೆಯಬಾರದು. ತಲೆಗಂದಾಯವನ್ನು ಕಟ್ಟಲಾರದವನು ಸೆರೆಗೆ ಹೋಗಬೇಕಾಗಿತ್ತು. ಆದಾಯಕ್ಕೆ ತಕ್ಕಂತೆ ದರ ಏರಿಸಬೇಕೆಂದು ಹೊರಟಾಗ, ಆದಾಯವೆಷ್ಟೆಂದು ನಿರ್ಣಯಿಸುವವನು ಅದೇ ಊರಿನ ಮುಖ್ಯಸ್ಥನಾದುದರಿಂದ ಹಗೆತನಕ್ಕೆ ಹೊಸ ಬಾಗಿಲು ತೆರೆಯಿತು. ಉಗಾಂಡದ ಬುಕೆಡಿ ಜಿಲ್ಲೆಯಲ್ಲಿ ೧೯೬೦ರ ಜನವರಿಯಲ್ಲಿ ಜನ ದಂಗೆಯೆದ್ದು ಮುಖ್ಯಸ್ಥರ ಮೇಲೆ ಬಿದ್ದರು, ಪ್ರಾಣಹಾನಿಯಾಯಿತು. ಸ್ವಾತಂತ್ರ್ಯ ಬಂದಾಗ ಹೊಸ ನಾಯಕರ ಕೈಗೆ ಸಿಕ್ಕ ಸ್ಥಳೀಯ ಸಭೆ ಶಾಲೆಯನ್ನು ನಡೆಸುವುದರಿಂದ ಜನಕ್ಕೆ ಬೇಕಾದುದು, ಕಂದಾಯವನ್ನು ಎತ್ತುವುದರಿಂದ ಬೇಡವಾದುದು. ಈ ಎರಡು ಮುಖಗಳನ್ನು ಬೇರ್ಪಡಿಸಬಹುದೆಂದು ಮೂರು ಸರ್ಕಾರಗಳೂ ಭಾವಿಸಿದುವು.

ಎಲ್ಲರಿಗಿಂತಲೂ ದೂರ ಹೋದುದು ಟಾಂಜಾನಿಯ. ಆದುದರಿಂದ ಅದರ ಅನುಭವವನ್ನು ತುಸು ವಿಸ್ತಾರವಾಗಿ ನೋಡಬೇಕು. ೧೯೬೩ರಲ್ಲಿ ಕುಲನಾಯಕರ ಅಧಿಕಾರ ರದ್ದಾಯಿತು. ೧೯೬೭ರ ಅರೂಷಾ ಘೋಷಣೆಯಿಂದ ಸಮಾಜವಾದವೇ ರಾಷ್ಟ್ರದ ಗುರಿಯೆನಿಸಿತು. ೧೯೬೯ರಲ್ಲಿ ತಲೆಗಂದಾಯವನ್ನೂ ಪೈರಿನ ಸುಂಕವನ್ನೂ ತೆಗೆದುಹಾಕಲಾಯಿತು. ರೈತನ ಹೆಗಲಿನಿಂದ ಒಂದು ಹಳೆಯ ನೊಗ ಇಳಿಯಿತೆಂದು ಹಳ್ಳಿಗಳು ಸಂತೋಷಪಟ್ಟಿರಬೇಕು. ಆದರೆ ಆದಾಯವಿಲ್ಲದ ಜಿಲ್ಲಾ ಸಭೆ ಹೆಸರಿಗೆ ಮಾತ್ರ ಉಳಿಯಿತು. ೧೯೭೨ರಲ್ಲಿ ಅಧ್ಯಕ್ಷ ಜೂಲಿಯಸ್ ನ್ಯೆರೆರೆ ಆ ಹೆಸರನ್ನೂ ಅಳಿಸಿದರು. ಮೆಕಿನ್ಸೆ ಎಂಬ ಅಮೆರಿಕದ ಸಲಹಾಸಂಸ್ಥೆಯ ಸೂಚನೆಗಳನ್ನು ಅನುಸರಿಸಿ ಆಡಳಿತವನ್ನು ಪ್ರಾಂತಗಳಿಗೂ ಜಿಲ್ಲೆಗಳಿಗೂ ಹಂಚಲಾಯಿತು. ಅಲ್ಲಿ ಕುಳಿತವರು ಮಾತ್ರ ರಾಜಧಾನಿಯಿಂದ ನಿಯುಕ್ತರಾದ ಅಭಿವೃದ್ಧಿ ನಿರ್ದೇಶಕರು. ಚುನಾಯಿತ ಜಿಲ್ಲಾ ಸಭೆಗಳೂ, ಸ್ವಲ್ಪ ಹಿಂದುಮುಂದಾಗಿ ಪಟ್ಟಣ ಸಭೆಗಳೂ ಮುಚ್ಚಿದುವು. ಇದಕ್ಕೆ ಅಧಿಕಾರ ವಿಕೇಂದ್ರೀಕರಣವೆಂದೇ ಹೆಸರಿಟ್ಟರು. ಸ್ವಾಹಿಲಿಯಲ್ಲಿ ‘ಮದರಾಕ ಮಿಕೋಆನಿ’, ಅಂದರೆ ಪ್ರಾಂತಗಳಿಗೆ ಅಧಿಕಾರ. ಹೆಸರು ಸುಳ್ಳೆಂದು ಹೇಳುವಂತಿಲ್ಲ, ಅಧಿಕಾರಿಗಳಿಗೆ ಅಧಿಕಾರ ನಿಜವಾಗಿಯೂ ಸಿಕ್ಕಿತು.

ಇದರ ಪರಿಣಾಮವೇನಾಯಿತು? ಇಲ್ಲಿಯೇ ಮೊದಲು ಹೇಳಿದ ಎರಡು ನಂಬಿಕೆಗಳೂ ಎಡವುತ್ತವೆ. ಸ್ಥಳೀಯ ಸಭೆ ಇಲ್ಲವಾದ ಕೂಡಲೆ ಸೇವೆಗಳು ಕುಸಿದುವೆಂದು ಹೇಳೋಣವೆಂದರೆ, ಟಾಂಜಾನಿಯದ ಇತಿಹಾಸದಲ್ಲೇ ಪ್ರಾಥಮಿಕ ಶಿಕ್ಷಣ ಅತ್ಯಂತ ವೇಗವಾಗಿ ಹಬ್ಬಿದುದು ಸಭೆಗಳಿಲ್ಲದ ಆ ವರ್ಷಗಳಲ್ಲಿ. ೧೯೭೪ರಲ್ಲಿ ಮುಸೋಮದಲ್ಲಿ ಸೇರಿದ ಆಳುವ ಪಕ್ಷ, ೧೯೭೭ರೊಳಗೆ ಎಲ್ಲ ಮಕ್ಕಳಿಗೂ ಶಾಲೆ ದೊರೆಯಬೇಕೆಂದು ನಿರ್ಣಯಿಸಿತು. ಆಗ ಸುಮಾರು ೧೨ ಲಕ್ಷವಿದ್ದ ಶಾಲಾಮಕ್ಕಳ ಸಂಖ್ಯೆ ೧೯೮೦ರ ಹೊತ್ತಿಗೆ ೩೦ ಲಕ್ಷವನ್ನು ಮೀರಿತು. ಹಳ್ಳಿಯ ಔಷಧಾಲಯಗಳೂ ಹೆಚ್ಚಿದುವು. ಒಂದು ದೊಡ್ಡ ಗುರಿಯನ್ನು ಕಣ್ಣೆದುರಿಗಿಟ್ಟು ನಾಡನ್ನೆಲ್ಲ ಹುರಿದುಂಬಿಸಿ ಕಟ್ಟಿಸುವ ಕೆಲಸಕ್ಕೆ ಜಿಲ್ಲಾ ಸಭೆಯ ಅಗತ್ಯವಿರಲಿಲ್ಲವೆಂಬುದನ್ನು ಒಪ್ಪಲೇಬೇಕು.

ಇನ್ನೊಂದು ಬಗೆಯ ಸೇವೆಯ ಗತಿಯೇ ಬೇರೆಯಾಯಿತು. ಪಟ್ಟಣದ ಕಸ ತೆಗೆಯುವುದು, ಚರಂಡಿಯ ಹೂಳೆತ್ತುವುದು, ಮೋರಿ ಕುಸಿದರೆ ಕಟ್ಟುವುದು, ಬೀದಿಯ ನಲ್ಲಿ ಕೆಟ್ಟರೆ ಸರಿಪಡಿಸುವುದು, ಇವೆಲ್ಲ ಗುರಿಯಿಟ್ಟು ಮುಗಿಸುವ ಕೆಲಸಗಳಲ್ಲ. ದಿನವೂ ಇರುವ, ಯಾರ ಭಾಷಣಕ್ಕೂ ಒದಗದ ಕೆಲಸಗಳು. ಪಟ್ಟಣಗಳನ್ನು ಸುತ್ತಲಿನ ಗ್ರಾಮೀಣ ಜಿಲ್ಲೆಗಳ ಆಡಳಿತಕ್ಕೆ ಸೇರಿಸಿದ ಮೇಲೆ ಈ ಕೆಲಸಗಳಿಗೆ ಹೊಣೆಗಾರರು ಯಾರೂ ಉಳಿಯಲಿಲ್ಲ. ರಸ್ತೆಗಳು ಹಾಳಾದುವು, ಕಸ ರಾಶಿಬಿದ್ದಿತು. ೧೯೭೦ರ ದಶಕದ ಉತ್ತರಾರ್ಧದಲ್ಲಿ ಕಾಲರಾ ಹರಡಿದಾಗ ಸರ್ಕಾರ ಎಚ್ಚೆತ್ತು ೧೯೭೮ರಲ್ಲಿ ಪಟ್ಟಣ ಸಭೆಗಳನ್ನು ಮರಳಿ ಸ್ಥಾಪಿಸುವ ಶಾಸನವನ್ನು ಮಾಡಿತು. ಹಳ್ಳಿಯ ನೀರಿನ ಯೋಜನೆಯೂ ಇದೇ ಪಾಠವನ್ನು ಹೇಳುತ್ತದೆ. ಇಪ್ಪತ್ತು ವರ್ಷಗಳೊಳಗೆ, ಅಂದರೆ ೧೯೯೧ರೊಳಗೆ, ಪ್ರತಿಯೊಬ್ಬ ಹಳ್ಳಿಗನಿಗೂ ೪೦೦ ಮೀಟರಿನ ಒಳಗೆ ಶುದ್ಧವಾದ ನೀರು ಸಿಕ್ಕಬೇಕೆಂದು ೧೯೭೧ರಲ್ಲಿ ಸಂಕಲ್ಪಿಸಲಾಗಿತ್ತು. ಪರದೇಶಗಳ ನೆರವಿನಿಂದ ಪಂಪುಗಳೂ ಕೊಳವೆಗಳೂ ಬಂದುವು. ಗಡುವು ಮುಗಿಯುವ ಹೊತ್ತಿಗೆ ಗುರಿಯೂ ಮುಟ್ಟಿರಲಿಲ್ಲ, ಹಾಕಿದ ಏರ್ಪಾಡುಗಳಲ್ಲಿ ಅನೇಕವು ಕೆಟ್ಟು ನಿಂತಿದ್ದುವು. ೧೯೭೫ರ ಶಾಸನದಂತೆ ಹಳ್ಳಿಹಳ್ಳಿಗೂ ಗ್ರಾಮ ಸಭೆಯಿದ್ದಿತಲ್ಲ ಎಂದು ಕೇಳಬಹುದು. ಇದ್ದಿತು. ಆದರೆ ಪಂಪಿನ ಬಿಡಿಭಾಗವನ್ನು ಕೊಳ್ಳುವ ಹಣ ಅದರ ಪೆಟ್ಟಿಗೆಯಲ್ಲಿರಲಿಲ್ಲ. ಅದನ್ನು ಕೂಡಿಸುವ ಹಕ್ಕೂ ಕಾರ್ಯತಃ ಇರಲಿಲ್ಲ.

ಸೇವೆಗಳಲ್ಲಿ ಕಟ್ಟುವ ಸೇವೆ, ಕಾಯುವ ಸೇವೆ ಎಂದು ಎರಡು ಬಗೆಯನ್ನು ಮಾಡದೆ ಸ್ವಾತಂತ್ರ್ಯವನ್ನೂ ಸೇವೆಯನ್ನೂ ತೂಗಿ ನೋಡುವುದು ನಿರರ್ಥಕವೆಂಬುದು ನಮ್ಮ ಅಭಿಪ್ರಾಯ. ಮೊದಲನೆಯದನ್ನು ದೂರದ ಸರ್ಕಾರ ಚೆನ್ನಾಗಿಯೇ ಮಾಡಬಲ್ಲದು, ಎಷ್ಟೋ ವೇಳೆ ಊರಿನ ಸಭೆಗಿಂತ ಚೆನ್ನಾಗಿ. ಎರಡನೆಯದಕ್ಕೆ ಕೈಯಲ್ಲಿ ಹಣವಿರುವ, ಊರಿನಲ್ಲಿಯೇ ಇರುವ, ಬೈಸಿಕೊಳ್ಳಲು ಸಿಕ್ಕುವ ಸಂಸ್ಥೆಯೊಂದು ಬೇಕು.

ನ್ಯೆರೆರೆಯವರು ತಮ್ಮ ತಪ್ಪನ್ನು ಒಪ್ಪಿಕೊಂಡರು. ಹಿಂದಿರುಗಿ ನೋಡಿದಾಗ ಮಾಡಬಾರದಿತ್ತೆಂದು ತಮಗೆ ಅನ್ನಿಸುವ ಕೆಲಸಗಳಲ್ಲಿ ಸ್ಥಳೀಯ ಸಭೆಗಳ ವಿಸರ್ಜನೆಯೂ ಸಹಕಾರ ಸಂಘಗಳ ವಿಸರ್ಜನೆಯೂ ಸೇರಿವೆಯೆಂದು ೧೯೮೪ರಲ್ಲಿ ಪ್ರಕಟವಾದ ಸಂದರ್ಶನವೊಂದರಲ್ಲಿ ಹೇಳಿದರು. ಅಧಿಕಾರದಲ್ಲಿರುವಾಗಲೇ ಹೀಗೆ ಹೇಳುವ ಧೈರ್ಯ ಎಲ್ಲ ನಾಯಕರಿಗೂ ಇರುವುದಿಲ್ಲ. ೧೯೮೨ರ ಶಾಸನಗಳಂತೆ ಜಿಲ್ಲಾ ಸಭೆಗಳು ೧೯೮೪ರಲ್ಲಿ ಮತ್ತೆ ತಲೆಯೆತ್ತಿದುವು. ಅವುಗಳೊಡನೆ ಹಳೆಯ ತಲೆಗಂದಾಯವೂ ಅಭಿವೃದ್ಧಿ ಕರವೆಂಬ ಹೊಸ ಹೆಸರಿನಿಂದ ಬಂದಿತು. ವಸೂಲಿಯ ಒರಟುತನ ಹಳೆಯದೇ. ೧೯೯೮ರಲ್ಲಿ ಕಿಲಿಮಾಂಜಾರೊ ಪರ್ವತದ ಪಶ್ಚಿಮಕ್ಕಿರುವ ಅರುಮೆರು ಜಿಲ್ಲೆಯ ರೈತರು, ಕೊಟ್ಟ ಕರಕ್ಕೆ ತಕ್ಕ ಸೇವೆ ಕಾಣೆವೆಂದು ಅದರ ವಿರುದ್ಧ ದೊಡ್ಡ ಗಲಭೆಯನ್ನೇ ಎಬ್ಬಿಸಿದರು. ೨೦೦೩ರಲ್ಲಿ ಸರ್ಕಾರ ಆ ಕರವನ್ನು ತೆಗೆದುಹಾಕಿತು. ನಷ್ಟವನ್ನು ಕೇಂದ್ರದ ಅನುದಾನ ತುಂಬಿಕೊಡಬೇಕೆಂದಾಯಿತು.

ಕೀನ್ಯದ ದಾರಿ ಇಷ್ಟು ನಾಟಕೀಯವಲ್ಲ. ೧೯೬೩ರ ಸಂವಿಧಾನ ಪ್ರಾಂತಗಳಿಗೆ ತಮ್ಮದೇ ಆದ ಶಾಸನಸಭೆಗಳನ್ನು ಕೊಟ್ಟಿತ್ತು. ಈ ‘ಮಜಿಂಬೊ’ ಪದ್ಧತಿ ಒಂದು ವರ್ಷದಲ್ಲೇ, ೧೯೬೪ರಲ್ಲಿ ಗಣರಾಜ್ಯ ಸ್ಥಾಪನೆಯಾದಾಗ, ಅಳಿಯಿತು. ಕೆಳಗಿನ ಕೌಂಟಿ ಸಭೆಗಳು ಉಳಿದುವಾದರೂ ೧೯೬೯ರ ಶಾಸನವೊಂದು ಪ್ರಾಥಮಿಕ ಶಿಕ್ಷಣ, ಆರೋಗ್ಯ, ರಸ್ತೆ ಈ ಮೂರನ್ನೂ ಅವುಗಳಿಂದ ಕಿತ್ತು ಕೇಂದ್ರಕ್ಕೆ ವರ್ಗಾಯಿಸಿತು. ದೊಡ್ಡ ನಗರಸಭೆಗಳಿಗೆ ಮಾತ್ರ ವಿನಾಯಿತಿ ದೊರೆಯಿತು. ಇದನ್ನು ಬರಿಯ ಅಧಿಕಾರದಾಹವೆಂದು ಬಗೆಯುವುದು ಸುಲಭ. ಹಿಂದಿನ ವರ್ಷದ, ಎಂದರೆ ೧೯೬೮ರ, ಸ್ಥಳೀಯ ಚುನಾವಣೆಯಲ್ಲಿ ವಿರೋಧಪಕ್ಷದವರ ನಾಮಪತ್ರಗಳನ್ನು ಸಾರಾಸಗಟಾಗಿ ತಿರಸ್ಕರಿಸಿದ್ದುದನ್ನು ನೆನೆದರೆ ಆ ಸಂಶಯ ಬಲವಾಗುತ್ತದೆ. ಆದರೆ ಅನೇಕ ಕೌಂಟಿ ಸಭೆಗಳು ಉಪಾಧ್ಯಾಯರಿಗೆ ಸಕಾಲದಲ್ಲಿ ಸಂಬಳ ಕೊಡಲಾರದೆ ದಿವಾಳಿಯ ಅಂಚಿಗೆ ಬಂದಿದ್ದುವೆಂಬುದೂ ಅಷ್ಟೇ ನಿಜ. ಸ್ವಾತಂತ್ರ್ಯಾನಂತರ ಶಾಲೆಗಳು ಬೆಳೆದ ವೇಗಕ್ಕೆ ತಲೆಗಂದಾಯ ಸಾಲುತ್ತಿರಲಿಲ್ಲ. ಎರಡು ಕಾರಣಗಳೂ ಒಂದನ್ನೊಂದು ಪೋಷಿಸಿದುವು.

ಆದರೆ ಸೇವೆಯ ಹಂಚಿಕೆಯಲ್ಲಿ ಕೇಂದ್ರದ ಕಣ್ಣು ಸಮವಾಗಿರಲಿಲ್ಲ. ಹಾಕಿದ ಬಂಡವಾಳಕ್ಕೆ ಹೆಚ್ಚು ಫಲ ಕೊಡುವ ಪ್ರದೇಶಗಳಲ್ಲಿಯೇ ಹಣ ಹೂಡಬೇಕೆಂದು ೧೯೬೫ರ ಹತ್ತನೆಯ ಸಂಖ್ಯೆಯ ಶ್ವೇತಪತ್ರ ಹೇಳಿತ್ತು. ಚಹಾ, ಕಾಫಿ ಬೆಳೆಯುವ ಮಲೆನಾಡಿಗೆ ಇದರಿಂದ ಅನುಕೂಲವಾಯಿತು. ಉತ್ತರದ ಬರಡು ನಾಡು, ಎಂದರೆ ವಜೀರ್, ಮಂಡೇರಾ, ತುರ್ಕಾನಗಳಂಥ ಪಶುಪಾಲಕರ ಸೀಮೆ, ದಶಕಗಟ್ಟಲೆ ಹಿಂದೆಬಿದ್ದಿತು. ರಾಜಧಾನಿ ನೈರೋಬಿಯ ಚುನಾಯಿತ ನಗರಸಭೆಯೂ ನೆಮ್ಮದಿಯಾಗಿರಲಿಲ್ಲ. ೧೯೮೩ ರಿಂದ ೧೯೯೨ರ ವರೆಗೆ ಅದರ ಜಾಗದಲ್ಲಿ ಸರ್ಕಾರ ನೇಮಿಸಿದ ಆಯೋಗ ಆಳಿತು. ೧೯೯೮ರ ಶಾಸನದಿಂದ ಆದಾಯತೆರಿಗೆಯ ನೂರಕ್ಕೆ ಐದರ ಪಾಲು ಸ್ಥಳೀಯ ಸಭೆಗಳಿಗೆ ಬರುವಂತಾದುದು ಸ್ವಲ್ಪಮಟ್ಟಿನ ಸಮಾಧಾನ. ೨೦೦೩ರಲ್ಲಿ ಇನ್ನೊಂದು ನಿಧಿ ಹುಟ್ಟಿತು. ಅದರ ಹಿಡಿತ ಸಭೆಗಳದಾಗದೆ ಪಾರ್ಲಿಮೆಂಟಿನ ಸದಸ್ಯರದಾಯಿತು.

ಇನ್ನು ಉಗಾಂಡ. ೧೯೬೬ರಲ್ಲಿ ಬುಗಾಂಡದ ರಾಜನ ಅರಮನೆಗೆ ಸೈನ್ಯ ನುಗ್ಗಿದುದು, ೧೯೬೭ರ ಸಂವಿಧಾನದಿಂದ ರಾಜ್ಯಗಳು ಅಳಿದುದು, ೧೯೭೧ರ ಮೇಲಣ ಇದಿ ಅಮೀನನ ಸೈನಿಕಾಡಳಿತ ಇವೆಲ್ಲ ಪ್ರಸಿದ್ಧವಾದುವು. ನಮ್ಮ ವಿಷಯಕ್ಕೆ ಮುಖ್ಯವಾದುದು ೧೯೮೬ರ ತರುವಾಯದ ಕಥೆ. ಯೊವೆರಿ ಮುಸೆವೆನಿಯವರ ಗೆರಿಲ್ಲಾ ಪಡೆ ಕಾಡಿನಲ್ಲಿದ್ದಾಗಲೇ ಹಳ್ಳಿಗಳಲ್ಲಿ ಪ್ರತಿರೋಧ ಸಭೆಗಳನ್ನು ಕಟ್ಟಿತ್ತು. ಅಧಿಕಾರ ಬಂದ ಮೇಲೆ ಅವನ್ನೇ ನಾಡಿಗೆಲ್ಲ ವಿಸ್ತರಿಸಿತು. ೧೯೯೩ರ ಶಾಸನ, ೧೯೯೫ರ ಸಂವಿಧಾನ, ೧೯೯೭ರ ಸ್ಥಳೀಯ ಸರ್ಕಾರ ಶಾಸನ ಈ ಮೂರರಿಂದ ಹಳ್ಳಿಯಿಂದ ಜಿಲ್ಲೆಯ ವರೆಗೆ ಐದು ಮೆಟ್ಟಿಲುಗಳ ಏಣಿ ಸಿದ್ಧವಾಯಿತು. ಆಫ್ರಿಕದಲ್ಲಿ ಅಷ್ಟು ಧಾರಾಳವಾದ ಏರ್ಪಾಡು ಆಗ ಅಪರೂಪ. ಗ್ರಾಮಾಂತರದಲ್ಲಿ ಉಪಕೌಂಟಿ ಎತ್ತಿದ ಕಂದಾಯದಲ್ಲಿ ನೂರಕ್ಕೆ ೬೫ ಅಲ್ಲಿಯೇ ಉಳಿದು ೩೫ ಜಿಲ್ಲೆಗೆ ಹೋಗುತ್ತಿತ್ತು. ಉಳಿದುದರಲ್ಲಿ ಕಾಲುಭಾಗ ಹಳ್ಳಿಯ ಸಭೆಗೆ ಹಿಂದಿರುಗುತ್ತಿತ್ತು. ತಾನು ಕೊಟ್ಟ ಕಂದಾಯದ ಅಂಶವೊಂದು ತನ್ನ ಹಳ್ಳಿಗೇ ಮರಳಿ ಬರುವುದೆಂದು ರೈತನಿಗೆ ತೋರಿಸಿಕೊಟ್ಟ ಈ ಏರ್ಪಾಡನ್ನು ಸಾಮಾನ್ಯವೆಂದು ತಳ್ಳಿಹಾಕಲಾಗದು.

ಇದರ ಜೊತೆಯಲ್ಲಿಯೇ ಇನ್ನೊಂದು ಪ್ರವಾಹ ಹರಿಯುತ್ತಿತ್ತು. ೧೯೯೭ರಲ್ಲಿ ಪ್ರಾಥಮಿಕ ಶಿಕ್ಷಣ ಶುಲ್ಕರಹಿತವಾಯಿತು. ಸುಮಾರು ೩೦ ಲಕ್ಷವಿದ್ದ ಶಾಲಾಮಕ್ಕಳ ಸಂಖ್ಯೆ ಅದೇ ವರ್ಷ ೫೦ ಲಕ್ಷವನ್ನು ದಾಟಿತು. ಇಷ್ಟು ಮಕ್ಕಳ ವೆಚ್ಚವನ್ನು ತಲೆಗಂದಾಯದಿಂದ ತೂಗಿಸುವುದು ಕನಸಿನ ಮಾತು. ಕೇಂದ್ರದ ಅನುದಾನ ಹೊಳೆಯಾಗಿ ಹರಿಯಿತು. ಪ್ರತಿಯೊಂದು ಅನುದಾನಕ್ಕೂ ಒಂದು ಕಟ್ಟಳೆ, ಇದು ಶಾಲೆಗೆ, ಇದು ರಸ್ತೆಗೆ, ಇದು ನೀರಿಗೆ ಎಂದು. ಹಣ ಬಂದಿತು, ಆಯ್ಕೆ ಹೋಯಿತು. ಅನುದಾನ ಶಾಲೆಯನ್ನು ಮುಟ್ಟುತ್ತಿದ್ದಿತೇ ಎಂಬ ಪ್ರಶ್ನೆಗೂ ಒಂದು ಉತ್ತರವಿದೆ. ೧೯೯೧ ರಿಂದ ೧೯೯೫ರ ವರೆಗಿನ ಲೆಕ್ಕವನ್ನು ಪರಿಶೀಲಿಸಿದ ವಿದ್ವಾಂಸರು, ಶಾಲೆಗಳಿಗೆಂದು ಕೊಟ್ಟ ತಲಾ ಅನುದಾನದಲ್ಲಿ ಸರಾಸರಿ ನೂರಕ್ಕೆ ೧೩ ಮಾತ್ರ ಶಾಲೆಯನ್ನು ಸೇರಿತೆಂದು ತೋರಿಸಿದರು. ಆಮೇಲೆ ಸರ್ಕಾರ ಪ್ರತಿ ಜಿಲ್ಲೆಗೂ ಕಳುಹಿಸಿದ ಮೊಬಲಗನ್ನು ವೃತ್ತಪತ್ರಿಕೆಗಳಲ್ಲಿ ಅಚ್ಚುಮಾಡಿಸಿತು, ಶಾಲೆಯ ಗೋಡೆಯ ಮೇಲೆ ಹಚ್ಚಿಸಿತು. ೨೦೦೧ರ ಹೊತ್ತಿಗೆ ಆ ಪ್ರಮಾಣ ನೂರಕ್ಕೆ ೮೦ನ್ನು ಮೀರಿತು. ಈ ಏರಿಕೆಯೆಲ್ಲ ಪತ್ರಿಕೆಯಿಂದಲೇ ಆಯಿತೆಂಬುದನ್ನು ಕೆಲವರು ಒಪ್ಪುವುದಿಲ್ಲ. ಹಣಕಾಸಿನ ಬೇರೆ ಸುಧಾರಣೆಗಳೂ ಅದೇ ಕಾಲದಲ್ಲಿ ನಡೆದುವು. ಆ ಆಕ್ಷೇಪಣೆ ನಮಗೂ ಯುಕ್ತವಾಗಿ ಕಾಣುತ್ತದೆ. ಏನೇ ಇರಲಿ, ಸೋರಿಕೆ ನಿಂತುದು ಜಿಲ್ಲೆಯ ಸ್ವಾತಂತ್ರ್ಯ ಹೆಚ್ಚಿದುದರಿಂದಲ್ಲ, ಕಡಮೆಯಾದುದರಿಂದಲೂ ಅಲ್ಲ; ಬಂದ ಹಣ ಎಷ್ಟೆಂದು ಊರವರಿಗೆ ತಿಳಿಯುವುದಕ್ಕೂ ಅದರಲ್ಲಿ ಪಾಲಿತ್ತು.

ತಲೆಗಂದಾಯದ ಅಂತ್ಯವನ್ನು ತಂದುದು ಚುನಾವಣೆ. ೨೦೦೧ರ ಅಧ್ಯಕ್ಷ ಚುನಾವಣೆಯ ಬಿಸಿಯಲ್ಲಿ ಅದರ ಕನಿಷ್ಠ ದರ ೩,೦೦೦ ಶಿಲ್ಲಿಂಗಿಗೆ ಇಳಿಯಿತು; ೨೦೦೫ರಲ್ಲಿ ವಸೂಲಿಯೇ ನಿಂತಿತು. ಬೆಳಗಿನ ಜಾವ ಹಳ್ಳಿಗೆ ನುಗ್ಗಿ ಕಂದಾಯ ಕಟ್ಟದವರನ್ನು ಹಿಡಿದೊಯ್ಯುವ ಪದ್ಧತಿ ಕೊನೆಗೊಂಡುದಕ್ಕೆ ಮರುಗುವವರು ಯಾರೂ ಇರಲಾರರು. ಆದರೆ ಅದೇ ವರ್ಷದ ಸಂವಿಧಾನ ತಿದ್ದುಪಡಿಯಿಂದ ಜಿಲ್ಲೆಯ ಮುಖ್ಯಾಡಳಿತಾಧಿಕಾರಿಯ ನೇಮಕ ಜಿಲ್ಲೆಯ ಕೈತಪ್ಪಿ ಕೇಂದ್ರಕ್ಕೆ ಹೋಯಿತು. ಹಣ ಕೊಡುವವನು ಅಧಿಕಾರಿಯನ್ನೂ ತಾನೇ ಕಳುಹಿಸಬೇಕೆಂದನು, ಇದರಲ್ಲಿ ಆಶ್ಚರ್ಯವಿಲ್ಲ. ಇತ್ತ ೧೯೮೬ರಲ್ಲಿ ೩೩ ಇದ್ದ ಜಿಲ್ಲೆಗಳು ಒಡೆದೊಡೆದು ೧೩೦ನ್ನು ಮೀರಿದುವು. ಜಿಲ್ಲೆ ಒಡೆದಾಗಲೆಲ್ಲ ಒಂದು ಊರಿಗೆ ಕಚೇರಿ, ಕೆಲವರಿಗೆ ನೌಕರಿ, ಪಾರ್ಲಿಮೆಂಟಿಗೊಬ್ಬ ಸದಸ್ಯ ಲಭಿಸುವುದರಿಂದ ಜನರೇ ಅದನ್ನು ಬೇಡಿದರೆಂಬುದೂ ಸುಳ್ಳಲ್ಲ. ಏಣಿಯ ಕೆಳಗಿನ ಮೆಟ್ಟಿಲಾದ ಹಳ್ಳಿಯ ಸಭೆಗೆ ೨೦೦೧ರಲ್ಲಿ ಚುನಾವಣೆಯಾದ ಮೇಲೆ ಮತ್ತೊಂದು ಚುನಾವಣೆ ಬಂದುದು ೨೦೧೮ರ ಜುಲೈಯಲ್ಲಿ. ಮಧ್ಯದ ಹದಿನೇಳು ವರ್ಷ ಹಳೆಯವರೇ ಮುಂದುವರಿದರು. ತಲೆಗಂದಾಯದ ಕಾಲುಭಾಗ ಬರುತ್ತಿದ್ದಾಗ ಆ ಸಭೆಗೆ ಮಾಡಲು ಏನೋ ಕೆಲಸವಿದ್ದಿತು. ಅದು ನಿಂತ ಮೇಲೆ ದಾಖಲೆಗಳಿಗೆ ಮುದ್ರೆ ಒತ್ತುವುದೇ ಅದರ ಮುಖ್ಯ ಕಸುಬಾಯಿತು.

ಉಗಾಂಡದಲ್ಲಿ ಏಣಿ ಹೀಗೆ ಶಿಥಿಲವಾಗುತ್ತಿರುವಾಗ ಕೀನ್ಯ ಎದುರು ದಿಕ್ಕಿಗೆ ಹೊರಟಿತು. ೨೦೦೭ರ ಚುನಾವಣೆಯ ಬಳಿಕ ನಡೆದ ಹತ್ಯಾಕಾಂಡದ ನೆನಪು ಹಸಿಯಾಗಿರುವಾಗಲೇ ರಚಿತವಾದ ೨೦೧೦ರ ಸಂವಿಧಾನ ೪೭ ಕೌಂಟಿ ಸರ್ಕಾರಗಳನ್ನು ನಿರ್ಮಿಸಿತು. ೨೦೧೩ರ ಮಾರ್ಚಿಯಲ್ಲಿ ಅವುಗಳ ಗವರ್ನರುಗಳು ಚುನಾಯಿತರಾದರು. ರಾಷ್ಟ್ರದ ಆದಾಯದಲ್ಲಿ ನೂರಕ್ಕೆ ೧೫ಕ್ಕೆ ಕಡಮೆಯಿಲ್ಲದ ಪಾಲು ಕೌಂಟಿಗಳಿಗೆ ಸಲ್ಲಬೇಕು. ಹಿಂದುಳಿದ ಪ್ರದೇಶಗಳ ನೀರು, ರಸ್ತೆ, ಆರೋಗ್ಯ, ವಿದ್ಯುತ್ತಿಗೆ ಇಪ್ಪತ್ತು ವರ್ಷಗಳ ವರೆಗೆ ಪ್ರತ್ಯೇಕವಾದ ನಿಧಿಯಿರಬೇಕು. ೧೯೬೫ರ ಶ್ವೇತಪತ್ರಕ್ಕೆ ನಲವತ್ತೈದು ವರ್ಷಗಳ ಮೇಲೆ ಬಂದ ಉತ್ತರವಿದು. ಒಂದು ಸೂಕ್ಷ್ಮವನ್ನು ಗಮನಿಸಬೇಕು. ನೂರಕ್ಕೆ ೧೫ನ್ನು ಎಣಿಸುವುದು ಆಯಾ ವರ್ಷದ ಆದಾಯದ ಮೇಲಲ್ಲ, ಪಾರ್ಲಿಮೆಂಟು ಒಪ್ಪಿದ ಕಟ್ಟಕಡೆಯ ಪರಿಶೋಧಿತ ಲೆಕ್ಕದ ಮೇಲೆ. ಆ ಲೆಕ್ಕ ವರ್ಷಗಳಷ್ಟು ಹಳೆಯದಾಗಿರುವುದುಂಟು.

ಈ ಹಣದಿಂದ ಉತ್ತರದ ಕೌಂಟಿಗಳಲ್ಲಿ ಆಸ್ಪತ್ರೆಗಳೂ ರಸ್ತೆಗಳೂ ಎದ್ದುವು. ಹಿಂದೆ ಕೇಳಿದ್ದನ್ನು ಕೊಡದೆ ಬೇರೆಲ್ಲೋ ಹೂಡಿದ ಸರ್ಕಾರದ ಬದಲು, ಎದುರಿಗೆ ನಿಂತು ಕೇಳಬಹುದಾದ ಸರ್ಕಾರವೊಂದು ಅಲ್ಲಿಯವರಿಗೆ ಮೊದಲ ಬಾರಿಗೆ ದೊರೆಯಿತು. ಇದು ದೊಡ್ಡ ಲಾಭ. ಆದರೆ ಆರೋಗ್ಯದ ವಿಷಯದಲ್ಲಿ ಹೊಣೆ ಎರಡಾಗಿ ಒಡೆದುದರ ಫಲವನ್ನು ೨೦೧೬ರ ಡಿಸೆಂಬರಿನಲ್ಲಿ ಆರಂಭವಾದ ವೈದ್ಯರ ಮುಷ್ಕರ ತೋರಿಸಿತು. ವೈದ್ಯರ ಸಂಘ ವೇತನದ ಒಪ್ಪಂದವನ್ನು ಮಾಡಿಕೊಂಡಿದ್ದುದು ೨೦೧೩ರಲ್ಲಿ ಕೇಂದ್ರದೊಡನೆ. ಸಂಬಳ ಕೊಡಬೇಕಾದವು ಕೌಂಟಿಗಳು. ಒಬ್ಬರು ಇನ್ನೊಬ್ಬರತ್ತ ಕೈತೋರಿಸುತ್ತಿರುವಾಗ ಸರ್ಕಾರಿ ಆಸ್ಪತ್ರೆಗಳು ನೂರು ದಿನ ಬಾಗಿಲೆಳೆದುಕೊಂಡುವು. ಅದು ಮುಗಿದು ಕೆಲವೇ ತಿಂಗಳುಗಳಲ್ಲಿ ದಾದಿಯರ ಮುಷ್ಕರ ಹೊರಟು ಅದಕ್ಕಿಂತಲೂ ದೀರ್ಘವಾಯಿತು. ಕಟ್ಟಡವಿದ್ದು ಕಾಯುವವರಿಲ್ಲದ ಸ್ಥಿತಿ ಇಲ್ಲಿಯೂ ಮರುಕಳಿಸಿತು. ಬಹುಪಾಲು ಕೌಂಟಿಗಳ ಆದಾಯದಲ್ಲಿ ಅವು ತಾವೇ ಗಳಿಸುವ ಭಾಗ ತೀರ ಕಿರಿದಾದುದರಿಂದ, ಕೇಂದ್ರದ ಕಂತು ತಡವಾದ ತಿಂಗಳು ಅಲ್ಲಿಯ ಸಂಬಳವೂ ತಡವಾಗುತ್ತದೆ. ಸ್ವಂತ ಆದಾಯದಲ್ಲಿ ಎಲ್ಲರಿಗಿಂತ ಮುಂದಿದ್ದ ನೈರೋಬಿಯೂ ಪಾರಾಗಲಿಲ್ಲ. ೨೦೨೦ರ ಫೆಬ್ರವರಿಯಲ್ಲಿ ಅದರ ಆರೋಗ್ಯ, ಸಾರಿಗೆ, ನಗರಯೋಜನೆಗಳು ಕೇಂದ್ರಕ್ಕೆ ವರ್ಗವಾಗಿ ಎರಡು ವರ್ಷಗಳಿಗಿಂತ ಹೆಚ್ಚು ಕಾಲ ಅಲ್ಲಿಯೇ ಇದ್ದುವು.

ತಲೆಗಂದಾಯ ಮೂರು ನಾಡುಗಳಲ್ಲಿಯೂ ಹೋಯಿತು, ಹೋಗಬೇಕಾದುದೇ. ಅದರ ಜಾಗದಲ್ಲಿ ಊರಿನ ಸಭೆಗೆ ನ್ಯಾಯವಾಗಿ ಸಲ್ಲಬಹುದಾಗಿದ್ದುದು ಮನೆ ನಿವೇಶನಗಳ ಮೇಲಣ ತೆರಿಗೆ. ಬಡವನನ್ನು ಅಟ್ಟಿಸಿಕೊಂಡು ಹೋಗಬೇಕಾದ ತೆರಿಗೆ ಅದಲ್ಲ; ಮುಂದಿನ ಚರಂಡಿ ಶುಚಿಯಾಗಿದ್ದರೆ ಮನೆಯ ಬೆಲೆ ಏರುತ್ತದೆಯಾದುದರಿಂದ ಕೊಡುವವನಿಗೂ ಪಡೆಯುವವನಿಗೂ ನಂಟು ಬೆಳೆಯುತ್ತದೆ. ಟಾಂಜಾನಿಯದ ಪಟ್ಟಣ ಸಭೆಗಳು ಈ ತೆರಿಗೆಯನ್ನು ಬೆಳೆಸುವ ಪ್ರಯತ್ನದಲ್ಲಿದ್ದುವು. ೨೦೧೬ರಲ್ಲಿ ಅದರ ವಸೂಲಿಯನ್ನು ರಾಷ್ಟ್ರೀಯ ತೆರಿಗೆ ಪ್ರಾಧಿಕಾರಕ್ಕೆ ಒಪ್ಪಿಸಲಾಯಿತು. ೨೦೨೧ರ ಆಗಸ್ಟಿನಿಂದ ಅದನ್ನು ಮುಂಗಡ ಹಣ ತುಂಬಿ ವಿದ್ಯುತ್ತು ಪಡೆಯುವ ಮೀಟರಿನ ಮೂಲಕ ಮುರಿದುಕೊಳ್ಳುವ ಪದ್ಧತಿ ಬಂದಿತು. ಸಾಮಾನ್ಯ ಮನೆಗೆ ತಿಂಗಳಿಗೆ ೧,೦೦೦ ಶಿಲ್ಲಿಂಗೆಂದು ಆಗ ಗೊತ್ತುಮಾಡಿದ ಆ ಹಣ, ದಾರ್ ಎಸ್ ಸಲಾಮಿನ ಗೃಹಸ್ಥನು ದೀಪಕ್ಕೆಂದು ದುಡ್ಡು ತುಂಬಿದಾಗ ತಾನಾಗಿಯೇ ಕಳೆದುಹೋಗುವಂತಾಯಿತು. ವಸೂಲಿಗಾರನೂ ಇಲ್ಲ, ರಸೀತಿ ಬರೆಯುವ ಸಭೆಯ ಗುಮಾಸ್ತನೂ ಇಲ್ಲ, ಚರಂಡಿಯ ವಿಷಯ ಕೇಳಲು ಕಿಟಕಿಯೂ ಇಲ್ಲ.